ಚರ್ಚಿನ ಗೇಟಿನಲ್ಲಿ ನಾಲ್ಕನೇ ರೇಸು

ಜನವರಿ 29, ಭಾನುವಾರ

ಇದನ್ನು ತೆರೆದು ಕೂತವರು ಯಾರೇ ಇರಲಿ — ಮುಚ್ಚು. ಕೈ ತೊಳೆದಿದ್ದೀಯಾ? ಇಲ್ಲ ಅಂತ ಗೊತ್ತು. ಕ್ರಿಸ್‌ಮಸ್ ವಾರದ ಪುಟದ ಮೇಲೆ ಚಹಾ ಲೋಟದ ದುಂಡು ಕಲೆ. ನಾನು ಲೋಟವನ್ನು ಸಾಸರಿನ ಮೇಲೆ ಇಡುವವಳು. ಈ ಮನೆಯಲ್ಲಿ ಇರುವುದು ಮೂರೇ ಜನ. ನಾನು, ಮಗ ಡೋನಲ್, ಅವನ ಮಗಳು ಈಮರ್. ಡೋನಲ್ ಹುಟ್ಟಿದಾಗಿನಿಂದ ಒಂದು ಪುಟ ಪೂರ್ತಿ ಓದಿದ್ದನ್ನು ಕಂಡಿಲ್ಲ. ಉಳಿದದ್ದು ಯಾರು ಅಂತ ತಿಳಿಯಲು ನಾನು ಕಲಿತ ಐದನೇ ಕ್ಲಾಸೇ ಸಾಕು. ನಾಚಿಕೆಯಾಗಬೇಕು. ಯಾವ ಕುದುರೆ ಗೆಲ್ಲುತ್ತದೆ ಅಂತ ಟಿಪ್ಸ್ ಬೇಕಿದ್ದರೆ ಎಲ್ಲರ ಹಾಗೆ ರೇಸಿನ ದಿನ ಚರ್ಚಿನ ಗೇಟಿಗೆ ಬಾ.

ಕೋಳಿಗಳು ಮೊಟ್ಟೆ ನಿಲ್ಲಿಸಿವೆ. ಮಳೆ ನಿಲ್ಲಿಸಿಲ್ಲ. ಆದಿತ್ಯವಾರದ ಹಂದಿಮಾಂಸ ಸ್ವಲ್ಪ ಸೀದಿತು. ಡೋನಲ್ ಎರಡು ಸಲ ಹಾಕಿಸಿಕೊಂಡು ತಿಂದ. ಒಳ್ಳೆಯವನು.

ಇನ್ನೆರಡು ವಾರಕ್ಕೆ ಕಿಲ್‌ಕಾರನ್ ರೇಸು. ಮಲಾಕಿಯ ಹೊಲದಲ್ಲಿ ಕುದುರೆ ಹಾರುವ ಬೇಲಿ ಕಟ್ಟುವುದು ಶುರುವಾಗಿದೆ. ಬರ್ಚ್ ಮರದ ಕಡ್ಡಿಯ ಹೊರೆಗಳನ್ನು ಟ್ರ್ಯಾಕ್ಟರಿನಲ್ಲಿ ಹೇರುತ್ತಿದ್ದರು. ಬೇಲಿ ತೆಳ್ಳಗೆ ಕಟ್ಟಿದರೆ ನೋಡಿ ಅಂತ ಹೇಳಿ ಬಂದೆ. "ನೀವು ಹಾರ್ತೀರಾ ಅಟ್ರಾಕ್ಟಾ?" ಅಂದ ಒಬ್ಬ. ಹಾರುತ್ತಿದ್ದೆ — ನಿನ್ನಪ್ಪ ತೊಟ್ಟಿಲಲ್ಲಿದ್ದಾಗ, ಅಂದೆ. ಹೊರೆ ಎತ್ತಲು ಬಗ್ಗಿದ.

ಫೆಬ್ರವರಿ 1, ಬುಧವಾರ

ಸಂತ ಬ್ರಿಜಿಡಳ ದಿನ. ಈಮರ್ ಜೊಂಡು ಕಿತ್ತು ತಂದು ಶಿಲುಬೆ ಹೆಣೆದಳು. ಒಂದು ಅಡಿಗೆಮನೆಯ ಬಾಗಿಲಿಗೆ. ಇನ್ನೊಂದು? ಫಿನ್‌ಬಾರ್‌ನ ಲಾಯಕ್ಕೆ, ಬಾಗ್ ಕಾಟನ್ ಇರುವ ಗೂಡಿನ ಮೇಲೆ. ಆ ಕಂದು ಹೆಣ್ಣುಕುದುರೆಗೆ ಈಗ ಸಂತರ ಕಾವಲೂ ಬಂತು. ಗೆಲುವು ಮಾತ್ರ ಇನ್ನೂ ಬಂದಿಲ್ಲ.

ಸಂಜೆ ಫಿನ್‌ಬಾರ್ ತಾನೇ ಬಂದ. ಕುದುರೆ ಅವನದು. ಬೆಳಗಿನ ಹೊತ್ತು ಅದನ್ನು ಓಡಿಸುವವಳು, ರೇಸಿನಲ್ಲಿ ಏರುವವಳು ನಮ್ಮ ಹುಡುಗಿ. ಟೋಪಿ ಕೈಯಲ್ಲಿ ಹಿಡಿದು ನಿಂತ. ಟೋಪಿ ಕೈಗೆ ಬಂದರೆ ಕೆಟ್ಟ ಸುದ್ದಿ.

"ಈಮರ್ ಮೂರು ಸಲ ಏರಿದ್ಲು, ಮೂರು ಸಲವೂ ಸೋತ್ಲು," ಅಂದ. "ಕುದುರೆ ಚೆನ್ನಾಗಿದೆ ಅಂತ ನಿಮಗೂ ಗೊತ್ತು. ಈ ಸಲ ಬೇರೆ ಸವಾರ, ಆ ರೋನನ್‌ನ ಕೂರಿಸೋಣ ಅಂತ."

"ಕೂರಿಸು. ನನ್ನನ್ನೇನು ಕೇಳ್ತೀಯ?"

"ನೋಡಿ... ಊರು ನಿಮ್ಮ ಮಾತು ಕೇಳತ್ತೆ. ನಾನೂ ಕೇಳ್ತೀನಿ. ರೇಸಿನ ದಿನ ಗೇಟಲ್ಲಿ ನಿಂತು ನೀವೇ ಈ ಕುದುರೆ ಹೆಸರು ಹೇಳಿದ್ರೆ ಈಮರ್ ಕೂರ್ಲಿ. ಹೇಳ್ದೆ ಹೋದ್ರೆ ನಿಮಗೇ ನಂಬಿಕೆ ಇಲ್ಲ ಅಂತ ತಾನೆ? ರೋನನ್ ಕೂರ್ತಾನೆ. ಸವಾರನ ಹೆಸರು ಬರೆಸೋಕೆ ರೇಸಿನ ಹೊತ್ತಿನವರೆಗೂ ಸಮಯ ಇದೆ."

ಚಹಾ ಕೊಟ್ಟು ಕಳಿಸಿದೆ. ಬಿಸ್ಕತ್ತು ಕೊಡಲಿಲ್ಲ.

ಅವನಿಗೆ ಗೊತ್ತಿದೆ, ಗೊತ್ತಿದ್ದೇ ಕೇಳಿದ. ನಮ್ಮ ಯಜಮಾನರು ಇದ್ದಾಗ ಗೇಟಿನಲ್ಲಿ ನಿಂತು ಆರು ರೇಸಿಗೆ ಆರು ಹೆಸರು ಹೇಳುತ್ತಿದ್ದವರು ಅವರು. ಅವರು ಹೋದ ಮೇಲೆ ನಾನು. ಕಾಸು ತೆಗೆದುಕೊಳ್ಳುವುದಿಲ್ಲ, ಬರೆದು ಕೊಡುವುದಿಲ್ಲ, ಎರಡನೇ ಸಲ ಹೇಳುವುದಿಲ್ಲ. ಮೇಲೆ ಅವರೇ ಹಾಕಿದ ಒಂದು ಕಟ್ಟು — ಸ್ವಂತ ಮನೆಯವರು ಏರಿದ ಕುದುರೆಯ ಹೆಸರನ್ನು ಗೇಟಿನಲ್ಲಿ ಎತ್ತಬಾರದು. ಡೋನಲ್ ಓಡಿಸುತ್ತಿದ್ದಾಗಲೂ ಎತ್ತಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಊರು ನಗಬಾರದು ನೋಡು.

ಫೆಬ್ರವರಿ 4, ಶನಿವಾರ

ಕುದುರೆಯ ಫಾರ್ಮ್, ಅಂದರೆ ಹಿಂದಿನ ಓಟಗಳ ಲೆಕ್ಕ, ನೋಡುವುದು ಎಲ್ಲರಿಗೂ ಬರುತ್ತದೆ. ಇವತ್ತು ಹುಡುಗಿಯ ಫಾರ್ಮ್ ನೋಡೋಣ ಅಂತ ಕೂತೆ. ಮೊಮ್ಮಗಳು ಅಂತ ಅಲ್ಲ. ಲಾಯದಿಂದ ಹೊರಗೆ ನಡೆಸಿಕೊಂಡು ಬಂದ ಕುದುರೆಯ ಹಾಗೆ.

ಈಮರ್. ಹತ್ತೊಂಬತ್ತು. ಎತ್ತರ ಅಪ್ಪನದು, ಕೈ ನನ್ನದು. ಕೈ ಚೆನ್ನಾಗಿದೆ — ಲಗಾಮನ್ನು ಹಾಲಿನ ಪಾತ್ರೆ ಹಿಡಿದ ಹಾಗೆ ಹಿಡಿಯುತ್ತಾಳೆ, ಚೆಲ್ಲದ ಹಾಗೆ. ಬೇಲಿಯ ಮುಂದೆ ಹೆದರಿಕೆ ಇಲ್ಲ. ಬಿದ್ದರೆ ಏಳುತ್ತಾಳೆ, ಅಳುವುದಿಲ್ಲ, ಬೈಯುತ್ತಾಳೆ. ಆ ಬೈಗುಳವೂ ನನ್ನದೇ.

ಅಕ್ಟೋಬರಿನಲ್ಲಿ ಕೊನೆಯ ಬೇಲಿಯಲ್ಲಿ ಬಿದ್ದಳು. ನವೆಂಬರಿನಲ್ಲಿ ಎರಡನೆಯವಳು. ಹೊಸವರ್ಷದ ರೇಸಿನಲ್ಲಿ ಐದನೆಯವಳು. ಮೂರರಲ್ಲೂ ಒಂದೇ ಕಥೆ: ಕೊನೆಗೆ ಎರಡು ಬೇಲಿ ಇರುವಾಗ ಗುಂಪಿನಿಂದ ಹೊರಗೆ ಬಂದು ಮುಂದೆ ಹೋದಳು. ಆಮೇಲೆ ಕುದುರೆಯ ಕಾಲು ಸೋತಿತು. ಒಂದೇ ದೋಷ. ಅವಸರ. ಬೇಯುವ ತನಕ ತಾಳಿದವಳು ಆರುವ ತನಕ ತಾಳಲಿಲ್ಲ.

ಕೊನೆಯ ಬೇಲಿ ದಾಟುವವರೆಗೂ ಸುಮ್ಮನೆ ಕೂತರೆ ಆ ರೇಸಿನಲ್ಲಿ ಅವರನ್ನು ಹಿಡಿಯುವ ಜೋಡಿ ಇಲ್ಲ. ಇದು ಅಜ್ಜಿಯ ಮಾತಲ್ಲ. ಗೇಟಿನ ಮಾತು.

ಅದೇ ತಾನೆ ತೊಂದರೆ.

ಫೆಬ್ರವರಿ 7, ಮಂಗಳವಾರ

ಈಮರ್‌ಗೆ ಫಿನ್‌ಬಾರ್‌ನ ಷರತ್ತನ್ನು ಯಾರೋ ಹೇಳಿದ್ದಾರೆ. ಅಥವಾ ಇದನ್ನು ಓದಿದ್ದಾಳೆ. ಪ್ಲೇಟು ತೊಳೆಯುವಾಗ ಶಬ್ದ ಹೆಚ್ಚು.

"ಅಜ್ಜಿ, ಭಾನುವಾರ ಯಾರ ಹೆಸರು ಹೇಳ್ತೀಯ?"

"ಭಾನುವಾರ ಹೇಳ್ತೀನಿ."

"ನಾನು ಗೆಲ್ಲಲ್ಲ ಅಂತ ಅನ್ಸಿದ್ರೆ ಮುಖಕ್ಕೇ ಹೇಳು. ಕಟ್ಟುಪಾಡಿನ ಹಿಂದೆ ಬಚ್ಚಿಟ್ಕೋಬೇಡ."

ಕಟ್ಟುಪಾಡು ತಾತನದು ಕಣೇ ಅಂದೆ. "ತಾತ ಈ ಕುದುರೆ ನೋಡಿಲ್ವಲ್ಲ," ಅಂದಳು. ಬಾಗಿಲು ಬಡಿದುಕೊಂಡಿತು. ಆ ಬಾಗಿಲೂ ಸಾವಿರ ಸಲ ನನ್ನ ಕೈಯಲ್ಲಿ ಬಡಿಸಿಕೊಂಡಿದೆ.

ಫೆಬ್ರವರಿ 11, ಶನಿವಾರ, ಮಧ್ಯಾಹ್ನ

ನೆಲ ನೋಡಲು ಹೋಗಿದ್ದೆ. ಈಮರ್ ಕಾರಿನಲ್ಲಿ ಬಿಟ್ಟಳು. ಗಂಬೂಟು, ಕೋಲು. ಕೋಲು ಊರಿದಲ್ಲಿ ಗೇಣು ಇಳಿಯಿತು, ಎಳೆದರೆ ಹಸುವಿನ ಮುತ್ತಿನ ಹಾಗೆ ಶಬ್ದ. ಹೊಳೆ ಕಡೆಯ ತಿರುವಿನಲ್ಲಿ ಇನ್ನೂ ಆಳ. ನಾಳೆ ಓಡುವುದು ಕುದುರೆಯಲ್ಲ, ಎದೆಗುಂಡಿಗೆ.

ವಾಪಸ್ಸು ಬರುವಾಗ ಫಿನ್‌ಬಾರ್‌ನ ಅಂಗಳ. ಈಮರ್ ಪೈಪು ಹಿಡಿದು ಕಾಟನ್‌ಳ ಕಾಲು ತೊಳೆಯುತ್ತಿದ್ದಳು. ನಾಲ್ಕು ಹನಿ ಮುಖಕ್ಕೆ ಸಿಡಿದವು ನೋಡು — ಕುದುರೆ ಕಿವಿ ಹಿಂದೆ ಮಡಚಿ, ತಲೆ ಎತ್ತಿ, ಮೂರು ಹೆಜ್ಜೆ ಹಿಂದೆ.

"ಮುಖ ತೊಳೆಸಿಕೊಳ್ಳೋಕೂ ಇವಳಿಗೆ ನಖರಾ," ಅಂದೆ.

"ಅದೇ ಅಜ್ಜಿ, ನಾನು ಹೇಳ್ಬೇಕು ಅಂತಿದ್ದಿದ್ದೇ ಅದು. ಇವಳು ಗುಂಪಲ್ಲಿ —"

"ಗುಂಪಲ್ಲಿ ಸುಮ್ನೆ ಕೂರು. ಅಷ್ಟೇ. ಕೊನೇ ಬೇಲಿ ದಾಟೋವರೆಗೂ ಕೂರು. ಅರ್ಥ ಆಯ್ತಾ?"

ಅವಳು ಪೈಪು ಬಂದ್ ಮಾಡಿದಳು.

ಈಗ ನಾಳೆಯದು. ಮೊದಲನೆಯದು — ಗ್ರೇ ಫ್ರಯರ್. ಕಾಲು ನೋಡಿದ್ದೇನೆ, ತಟ್ಟೆಯಂಥ ಗೊರಸು. ಗಟ್ಟಿ ನೆಲದಲ್ಲಿ ಕತ್ತೆ, ಕೆಸರಿನಲ್ಲಿ ಬಾತುಕೋಳಿ. ನಾಳೆ ಬಾತುಕೋಳಿಯ ದಿನ. ಎರಡನೆಯದರಲ್ಲಿ ಎಲ್ಲ ನಾಲ್ಕು ವರ್ಷದ ಮರಿಗಳು, ಯಾವುದೂ ಓಡಿಲ್ಲ. ಮಕ್ಕಳನ್ನು ನೋಡಬಾರದು, ತಾಯಿಯನ್ನು ನೋಡಬೇಕು. ಲಾಕನ್‌ನ ಮರಿಯ ತಾಯಿ ಹಟಮಾರಿ, ಅದೇ ಸಾಕು. ಮೂರನೆಯದರಲ್ಲಿ ಕಳೆದ ಸಲ ಹತ್ತು ಕುದುರೆಯ ಉದ್ದದಷ್ಟು ಮುಂದಿದ್ದು ಗೆದ್ದದ್ದು ಒಂದಿದೆ, ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಅದು ಗೆದ್ದದ್ದು ಒಣ ನೆಲದಲ್ಲಿ. ಎರಡನೇ ಬಂದ ಮುದಿ ಬ್ರಾಸ್ ಬಟನ್ ಮಳೆಗಾಲದ ಕುದುರೆ. ಮುದಿಯರನ್ನು ಕಡೆಗಣಿಸಿದವರು ಕೆಟ್ಟರು. ಐದು, ಆರು ಇನ್ನೂ ನೋಡಬೇಕು.

ನಾಲ್ಕು. ಇನ್ನೂ ಗೆಲ್ಲದ ಹೆಣ್ಣುಕುದುರೆಗಳ ರೇಸು, ಮೂರು ಮೈಲಿ. ಹನ್ನೊಂದು ಕುದುರೆ. ಎಂಟು ಸುಮ್ಮನೆ ಬಂದವು. ಒಂಬತ್ತನೆಯದು ಬೇಲಿ ಕಂಡರೆ ಪ್ರಾರ್ಥನೆಗೆ ನಿಲ್ಲುತ್ತದೆ. ಟಿನ್ ವಿಸಲ್ — ಒಳ್ಳೆಯ ಕುದುರೆ, ಕಾಟನ್ ಸಿಗದಿದ್ದರೆ ರೋನನ್ ಏರುವುದು ಅದನ್ನೇ. ಮತ್ತೆ ಬಾಗ್ ಕಾಟನ್.

ಸುಮ್ಮನಿದ್ದರೆ ಹುಡುಗಿಯ ಸವಾರಿ ಹೋಯಿತು. ಟಿನ್ ವಿಸಲ್ ಅಂದರೆ ನನ್ನ ಕಣ್ಣಿಗೇ ದ್ರೋಹ. ಕಾಟನ್ ಅಂದರೆ ಯಜಮಾನರ ಕಟ್ಟು ಮುರಿದ ಹಾಗೆ.

ಫೆಬ್ರವರಿ 12, ಭಾನುವಾರ, ಬೆಳಗ್ಗೆ

ಮಳೆ ನಿಂತಿದೆ. ಈಮರ್ ಅರ್ಧ ಟೋಸ್ಟು ಬಿಟ್ಟು ಎದ್ದಳು. ನಾನೂ ಬಿಟ್ಟೆ. ಡೋನಲ್ ಎರಡನ್ನೂ ತಿಂದ.

ಅದೇ ದಿನ, ಹನ್ನೊಂದು ಗಂಟೆ, ಕಾರಿನಲ್ಲಿ

ಹೇಳಿಬಿಟ್ಟೆ.

ಪೂಜೆ ಮುಗಿಸಿ ಗೇಟಿಗೆ ಬಂದಾಗ ಆಗಲೇ ಜನ. ಮೂರು ಹೆಸರು ಹೇಳಿದೆ. ಬ್ರಾಸ್ ಬಟನ್ ಅಂದಾಗ ಹಿಂದಿನಿಂದ ಯಾರೋ "ಅದಕ್ಕಿಂತ ನೀವೇ ಓಡಿ ಅಜ್ಜಿ" ಅಂದರು. ನಾನು ಓಡಿದರೆ ನಿನಗೆ ಕಟ್ಟಲು ಧೈರ್ಯ ಬರದು ಅಂದೆ. ನಕ್ಕರು. ಆಮೇಲೆ ನಾಲ್ಕನೆಯದು. ನಗು ನಿಂತಿತು. ಎಲ್ಲರಿಗೂ ಗೊತ್ತಿದೆ. ಫಿನ್‌ಬಾರ್ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದ. ಈಮರ್ ಕಾರಿನ ಹತ್ತಿರ, ನನಗೆ ಬೆನ್ನು ಹಾಕಿ.

ಆ ಬೆನ್ನು ನೋಡಿದೆ.

"ನಾಲ್ಕನೇದು ಬಾಗ್ ಕಾಟನ್," ಅಂದೆ. "ಮೇಲೆ ನಮ್ಮ ಹುಡುಗಿ ಕೂತ್ರೆ ಮಾತ್ರ. ಬೇರೆ ಯಾರಾದ್ರೂ ಕೂತ್ರೆ ನಾನು ಹೇಳ್ಲಿಲ್ಲ, ನೀವು ಕೇಳ್ಲಿಲ್ಲ."

ಫಿನ್‌ಬಾರ್ ಟೋಪಿ ತಲೆಗಿಟ್ಟುಕೊಂಡ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನಾನು ನಾನಲ್ಲವಲ್ಲ. ಮೊಮ್ಮಗಳು ಅಂತ ಹೇಳಿದಳು ಎಂದು ಯಾರೂ ಅನ್ನಬಾರದು, ದೋಷವನ್ನೂ ಹೇಳಿಬಿಡೋಣ ಅನ್ನಿಸಿತು. "ಅವಳಿಗೊಂದು ಕೆಟ್ಟ ಬುದ್ಧಿ, ಹೊತ್ತಿಗೆ ಮುಂಚೆ ಮುಂದೆ ಓಡ್ತಾಳೆ. ಇವತ್ತು ಹಾಗೆ ಮಾಡಲ್ಲ. ಕೊನೇ ಬೇಲಿವರೆಗೂ ಹಿಂದೆ ಸುಮ್ನೆ ಕೂತಿರ್ತಾಳೆ. ಆಮೇಲೆ ನೋಡಿ."

ಐದು, ಆರರ ಹೆಸರನ್ನೂ ಹೇಳಿ ಮುಗಿಸಿದೆ. ಜನ ಚದುರಿದರು. ಪಕ್ಕದ ಮನೆಯ ನೂಲಾ ನನ್ನ ತೋಳು ಹಿಡಿದು ಎಳೆದಳು.

"ಅಟ್ರಾಕ್ಟಾ, ನೀನು ಟಿಪ್ಪು ಕೊಟ್ಯಾ, ದಂಡಿನ ಗುಟ್ಟು ಕೊಟ್ಯಾ?"

"ಯಾಕೆ?"

"ರೋನನ್ ಯಾವ ಚರ್ಚಿಗೆ ಬರ್ತಾನೆ ಅಂದ್ಕೊಂಡಿದ್ದೀಯ?"

ತಿರುಗಿ ನೋಡಿದೆ. ಗೇಟಿನ ಕಂಬದ ಹಿಂದೆ ರೋನನ್. ಪಕ್ಕದಲ್ಲಿ ಇನ್ನಿಬ್ಬರು ಸವಾರರು. ಮೂವರೂ ದೇವದೂತರ ಹಾಗೆ ನಗುತ್ತಿದ್ದರು. ರೋನನ್ ಟೋಪಿ ಮುಟ್ಟಿ ನಮಸ್ಕಾರ ಬೇರೆ ಮಾಡಿದ.

ಈ ಊರಿನಲ್ಲಿ ಸವಾರರೂ ದೇವರಿಗೆ ಹೆದರುತ್ತಾರೆ ಎಂಬುದನ್ನು ಮರೆತೆ.

ಈಮರ್ ಕಾರು ಓಡಿಸುತ್ತಿದ್ದಾಳೆ. ನಾನು ಇದನ್ನು ಬರೆಯುತ್ತಿರುವುದು ಅವಳ ಮುಖ ನೋಡಬಾರದು ಅಂತ. ಅಕ್ಷರ ಕುಣಿಯುತ್ತಿದೆ. ರಸ್ತೆ ಕೆಟ್ಟಿದೆ.

ಅದೇ ದಿನ, ಸಂಜೆ

ಕೂತೆ. ಬೂಟು ಬಿಚ್ಚಿಲ್ಲ. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ — ಯಾರೂ ಓದುವುದಿಲ್ಲ, ಆದರೂ.

ಬಾತುಕೋಳಿ ಗೆದ್ದಿತು. ಲಾಕನ್‌ನ ಮರಿ ತಾಯಿಗಿಂತ ಹಟಮಾರಿ, ಶುರುವಿನಲ್ಲೇ ನಿಂತು ಹುಲ್ಲು ತಿಂದಿತು. ಬ್ರಾಸ್ ಬಟನ್ ಗೆದ್ದಿತು, "ನೀವೇ ಓಡಿ" ಅಂದವನು ಬಂದು ತಪ್ಪಾಯಿತು ಅಂದ.

ನಾಲ್ಕನೆಯದಕ್ಕೆ ನಾನು ಯಾವಾಗಲೂ ನಿಲ್ಲುವ ಜಾಗ ಕೊನೆಗಿಂತ ಒಂದು ಹಿಂದಿನ ಬೇಲಿ. ಸುಳ್ಳು ಅಲ್ಲಿ ನಿಲ್ಲುವುದಿಲ್ಲ. ನೂಲಾ ಫ್ಲಾಸ್ಕು ಹಿಡಿದು ಪಕ್ಕದಲ್ಲಿ. ಓಟ ಶುರುವಿನ ಬಾವುಟ ಬಿತ್ತು.

ಬಿದ್ದ ಕ್ಷಣವೇ ಕಾಟನ್ ಮುಂದೆ.

ಮೊದಲನೇ ಬೇಲಿಗೇ ಎರಡು ಕುದುರೆಯಷ್ಟು ಮುಂದೆ. ಮೂರನೆಯದಕ್ಕೆ ಆರು. ನಾನು ಕಿರುಚಿದೆ. ಏನು ಕಿರುಚಿದೆ ಅಂತ ನೂಲಾಗೆ ಗೊತ್ತು, ಪಾಪನಿವೇದನೆಯಲ್ಲಿ ಹೇಳಬೇಕಾದ ಮಾತುಗಳು. "ಹುಡುಗಿಗೆ ಹುಚ್ಚು ಹಿಡೀತು," ಅಂದೆ. ಉಳಿದವರು ಬಿಟ್ಟುಬಿಟ್ಟರು ಅವಳನ್ನು. ರೋನನ್ ಲಗಾಮು ಬಿಗಿಹಿಡಿದು ಹಿಂದೆ ಆರಾಮಾಗಿ ಕೂತಿದ್ದ. ಕಾಟನ್ ಕೈಮೀರಿ ಓಡುತ್ತಿದ್ದಾಳೆ, ಈಗ ಸುಸ್ತಾಗಿ ವಾಪಸ್ಸು ಬರುತ್ತಾಳೆ ಅಂತ. ನಾನೂ ಹಾಗೇ ಅಂದುಕೊಂಡೆ. ಊರೇ ಹಾಗಂದುಕೊಂಡಿತು. ನಾನೇ ಹೇಳಿದ್ದೆನಲ್ಲ ಗೇಟಿನಲ್ಲಿ, ಹಿಂದೆ ಕೂರುತ್ತಾಳೆ ಅಂತ.

ಒಂದು ಸುತ್ತು. ಬರಲಿಲ್ಲ ವಾಪಸ್ಸು. ಎರಡನೇ ಸುತ್ತು. ಹೊಳೆಯ ತಿರುವಿನಲ್ಲಿ ಎಲ್ಲವೂ ಮಂಡಿಯುದ್ದ ಕೆಸರಿನಲ್ಲಿ ಒದ್ದಾಡುತ್ತಿದ್ದವು. ಆಮೇಲೆ ನಾನು ನಿಂತ ಬೇಲಿಗೆ ಬಂದರು.

ಕಾಟನ್ ಮೊದಲು. ಕಿವಿ ಎರಡೂ ಮುಂದಕ್ಕೆ, ಚರ್ಚಿನ ಗೋಪುರದ ಹಾಗೆ. ಹಣೆಯಿಂದ ಮೂಗಿನವರೆಗಿನ ಬಿಳಿ ಪಟ್ಟೆ — ಒಂದು ಹನಿ ಕೆಸರಿಲ್ಲ. ಮದುವಣಗಿತ್ತಿಯ ಮುಖ. ಹಾರಿದಳು, ಬರ್ಚ್ ಕಡ್ಡಿ ಅಲ್ಲಾಡಲಿಲ್ಲ. ಹಿಂದೆ ಟಿನ್ ವಿಸಲ್ ಮೇಲೆ ರೋನನ್, ಆಮೇಲೆ ಉಳಿದವು. ಯಾವ ಕುದುರೆ ಯಾವುದು ಅಂತ ಗುರುತಿಲ್ಲ. ಕಣ್ಣು, ಮೂಗು, ಹಲ್ಲು ಎಲ್ಲ ಕೆಸರು.

ಪೈಪಿನ ನೀರು ಸಿಡಿದಾಗ ಮೂರು ಹೆಜ್ಜೆ ಹಿಂದೆ ಹೋಗಿದ್ದಳು. ಅದು ಈಗ ಹೊಳೆಯಿತು ನನಗೆ. ಕೋಲು ಕೈಯಿಂದ ಬಿತ್ತು.

ರೋನನ್ ಎಚ್ಚೆತ್ತ. ಕೊನೆಯ ಬೇಲಿಯ ಮುಂದೆ ಚಾಟಿ ತೆಗೆದ. ಬಂದ, ಬಂದ. ಮೂರು ಕುದುರೆ, ಎರಡು, ಒಂದು. ಈಮರ್ ತಿರುಗಿ ನೋಡಲಿಲ್ಲ. ಆ ಕೈ ಅಲ್ಲಾಡಲಿಲ್ಲ. ಹಾಲು ಚೆಲ್ಲಲಿಲ್ಲ. ಅರ್ಧ ಕುದುರೆಯ ಅಂತರದಲ್ಲಿ ಗೆದ್ದಳು.

ನೂಲಾ ಚಹಾ ಪೂರ್ತಿ ನನ್ನ ಕೋಟಿನ ಮೇಲೆ ಚೆಲ್ಲಿದಳು. ಒಗೆಯುವುದಿಲ್ಲ.

ಜೀನು ಇಳಿಸುವ ಕಡೆ ಹೋದೆ. ಜನ ದಾರಿ ಬಿಟ್ಟರು. "ಹೇಳಿದ್ರಲ್ಲ ಅಟ್ರಾಕ್ಟಾ, ಹೇಳಿದ ಹಾಗೇ ಆಯ್ತು!" ಅಂತ ಬೆನ್ನು ತಟ್ಟಿದರು. ಹೇಳಿದ ಹಾಗೆ ಆದದ್ದು ಹೆಸರು ಒಂದೇ. ಉಳಿದದ್ದೆಲ್ಲ ತಿರುಗುಮುರುಗು. ಫಿನ್‌ಬಾರ್ ಟೋಪಿ ಎಲ್ಲೋ ಕಳೆದುಕೊಂಡು ಅಳುತ್ತಿದ್ದ, ಮೂಗು ಒರೆಸಿಕೊಳ್ಳದೆ.

"ಕೂರು ಅಂದ್ನಲ್ಲೇ ಸುಮ್ನೆ," ಅಂದೆ ಅವಳಿಗೆ.

ಹೊಟ್ಟೆಪಟ್ಟಿ ಬಿಚ್ಚುತ್ತಲೇ ಹೇಳಿದಳು, ಕುದುರೆಗೆ ಹೇಳುವ ಹಾಗೆ ಮೆಲ್ಲಗೆ. "ಬೇಗ ಹೋಗಿ ಸೋತಿದ್ದಲ್ಲ ಅಜ್ಜಿ. ತಡ ಮಾಡಿ ಸೋತಿದ್ದು. ಮುಖಕ್ಕೆ ಕೆಸರು ಬಿದ್ರೆ ಇವಳು ಮುನಿಸ್ಕೊತಾಳೆ. ಎರಡು ಮೈಲಿ ಗುಂಪಲ್ಲಿ ಕೆಸರು ತಿನ್ಸಿ ಆಮೇಲೆ ಮುಂದೆ ಕರ್ಕೊಂಡು ಹೋದ್ರೆ ಆಗ್ಲೇ ಅವಳ ಮನಸ್ಸು ಮುರಿದಿರತ್ತೆ. ಮೊದಲ್ನಿಂದ ಮುಂದೆ ಇರ್ಬೇಕು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಿಟ್ರೆ ತಾನೆ."

ಆಮೇಲೆ ನಕ್ಕಳು. ಹಲ್ಲಿನ ಸಂದಿಯಲ್ಲೂ ಕೆಸರಿಲ್ಲ ಅವಳಿಗೆ. "ಮುಂದೆ ಹೋದ್ರೆ ರೋನನ್ ಬೆನ್ನಿಗೇ ಬಿದ್ದು ಕಾಡ್ತಾನೆ ಅಂತ ಭಯ ಇತ್ತು. ನೀನು ಗೇಟಲ್ಲಿ ನಿಂತು ನಾನು ಹಿಂದೆ ಕೂರ್ತೀನಿ ಅಂದ್ಯಲ್ಲ — ಎಲ್ರೂ ನಂಬಿದ್ರು. ನೀನು ಹೇಳಿದ ಮೇಲೆ ನಂಬ್ದೆ ಇರ್ತಾರಾ? ನನ್ನ ಬಿಟ್ಬಿಟ್ರು."

ರೋನನ್ ಕೆಸರಿನ ಗೊಂಬೆಯ ಹಾಗೆ ನಡೆದು ಹೋಗುತ್ತಿದ್ದ. ನಿಂತ. "ಅಜ್ಜಿ, ಮುಂದಿನ ಸಲ ಗೇಟಲ್ಲಿ ಹತ್ತಿ ಇಟ್ಕೊಂಡು ನಿಲ್ತೀನಿ, ಕಿವೀಲಿ," ಅಂದ.

"ದೇವರ ಮನೇಲಿ ಕದ್ದು ಕೇಳಿದವ್ರಿಗೆ ಹೀಗೇ ಆಗೋದು ಮಗನೇ," ಅಂದೆ. ಬೇಕೂಂತಲೇ ಮಾಡಿದ್ದು ಅಂದುಕೊಂಡ. ಅಂದುಕೊಳ್ಳಲಿ.

ಐದು, ಆರು ಸೋತವು. ನೋಡಲೇ ಇಲ್ಲ.

ಯಜಮಾನರೇ, ಕಟ್ಟು ಮುರಿದೆ. ನೀವು ಇದ್ದಿದ್ದರೆ ನೀವೂ ಮುರಿಯುತ್ತಿದ್ದಿರಿ. ಹೆಗ್ಗಣ ಅಲ್ಲ ನಮ್ಮದು.

ಫೆಬ್ರವರಿ 16, ಗುರುವಾರ

ಅಂಚೆ ಕಚೇರಿಗೆ ಹೋದರೆ ಗೇಟಿನ ಬಗ್ಗೆ ಮಾತು. ಅಂಗಡಿಗೆ ಹೋದರೂ. "ನಿಮ್ಮ ಕಣ್ಣು ಅಂದ್ರೆ ಕಣ್ಣು" ಅನ್ನುತ್ತಾರೆ. ನನ್ನದಲ್ಲ, ಹುಡುಗಿಯದು ಅಂದೆ ಒಬ್ಬನಿಗೆ. ವಿನಯ ಅಂದುಕೊಂಡ. ಈ ವಯಸ್ಸಿನಲ್ಲಿ ನನ್ನ ಮೇಲೆ ವಿನಯದ ಅಪವಾದ ಬೇರೆ.

ಫಿನ್‌ಬಾರ್ ಬಂದ. ಕಾಟನ್‌ಳನ್ನು ಕೇಳಿಕೊಂಡು ಇಂಗ್ಲೆಂಡಿನಿಂದ ಫೋನು ಬಂದಿತ್ತಂತೆ. ಮಾರುವುದಿಲ್ಲ ಅಂದನಂತೆ. ಈಮರ್ ಇರುವವರೆಗೂ ಇಬ್ಬರೂ ಜೊತೆಗೇ ಅಂತ. ಎರಡು ಬಿಸ್ಕತ್ತು ಕೊಟ್ಟೆ. ಚಾಕಲೇಟಿನದು.

ಫೆಬ್ರವರಿ 26, ಭಾನುವಾರ

ಹತ್ತು ದಿನ ಬರೆಯಲಿಲ್ಲ. ಬೆಳಗಾದರೆ ಫಿನ್‌ಬಾರ್‌ನ ಹೊಲದ ಬದುವಿನ ಮೇಲೆ ನಿಂತು ಈಮರ್ ಕುದುರೆ ಓಡಿಸುವುದನ್ನು ನೋಡುತ್ತಿದ್ದೆ. ಎಷ್ಟು ವರ್ಷ ನೋಡಿದ್ದೇನೆ ಇದೇ ಬದುವಿನಿಂದ. ಕಾಲು ಕಾಣುತ್ತದೆ, ಗೊರಸು ಕಾಣುತ್ತದೆ, ಉಸಿರು ಕಾಣುತ್ತದೆ. ಮನಸ್ಸು ಕಾಣುವುದಿಲ್ಲ. ಅದು ಮೇಲೆ ಕೂತವರಿಗೇ ಗೊತ್ತು.

ಮಾರ್ಚ್ ಮಧ್ಯಕ್ಕೆ ಹೊಳೆಯಾಚೆಯ ರೇಸು. ಗೇಟಿನಲ್ಲಿ ನಿಲ್ಲಬೇಕು.

ಈಗ ನಿನಗೆ. ಹೌದು, ನಿನಗೇ, ಕೈ ತೊಳೆಯದವಳೇ. ನೀನು ಓದುತ್ತೀ ಅಂತ ಗೊತ್ತಿದ್ದೇ ಇದನ್ನು ಅಡಿಗೆಮನೆಯ ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದೇನೆ. ಮುಖಕ್ಕೆ ಕೇಳಿದರೆ ನಾನು ಮಧ್ಯೆ ಬಾಯಿ ಹಾಕುತ್ತೇನೆ, ನನಗೇ ಗೊತ್ತು. ಇಲ್ಲಿ ಹಾಕಲಾರೆ. ಫಿನ್‌ಬಾರ್‌ನ ಲಾಯದಲ್ಲಿ ಐದು ಕುದುರೆ, ಮಲಾಕಿಯ ಹತ್ತಿರ ಎರಡು, ಎಲ್ಲವನ್ನೂ ನೀನು ಏರಿದ್ದೀ. ಯಾವುದಕ್ಕೆ ಏನು ಮುನಿಸು, ಯಾವುದಕ್ಕೆ ಏನು ಹೆದರಿಕೆ, ಯಾವುದು ಜೊತೆ ಬೇಡುತ್ತದೆ, ಯಾವುದು ಒಂಟಿ ಇರಬೇಕು — ಇದರ ಕೆಳಗೇ ಬರೆ. ಅರ್ಧ ಪುಟ ಬಿಟ್ಟಿದ್ದೇನೆ, ಸಾಲದಿದ್ದರೆ ಹಿಂದೆಯೂ ಬರೆ. ಗೇಟಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಲ್ಲುತ್ತೀಯೋ ಇಲ್ಲವೋ, ಅದನ್ನೂ ಬರೆ. ನಿಲ್ಲುತ್ತೀ ಅಂತಲೇ ಬರೆ.

ಮಾರ್ಚ್ ಹುಟ್ಟುವುದರೊಳಗೆ ಉತ್ತರ ಇಲ್ಲಿರಬೇಕು. ಪೆನ್ನಿನಲ್ಲಿ. ಮತ್ತೆ ಆ ಚಹಾ ಲೋಟವನ್ನು ಇದರ ಮೇಲೆ ಇಡಬೇಡ.